ಬೋಟಿನ ಎಂಜಿನ್ ಬದಲಿಸುವಾಗ ಆಯಿಲ್ ಪ್ರೆಷರ್ ಸೆನ್ಸರ್

ಬೋಟಿನ ಎಂಜಿನ್ ಬದಲಾದರೂ ಕ್ಯಾಬಿನ್ನಿನ ಗೇಜು ಸಾಮಾನ್ಯವಾಗಿ ಹಳೆಯದೇ ಉಳಿಯುತ್ತದೆ. ಅದಕ್ಕೆ ಒತ್ತಡದ ಲೆಕ್ಕ ಕೊಡುವ ಸೆನ್ಸರ್ ಮಾತ್ರ ಹೊಸ ಎಂಜಿನ್ನಿನೊಂದಿಗೆ ಬಂದಿರುತ್ತದೆ. ಎರಡಕ್ಕೂ ಹೊಂದಿಕೆ ಇಲ್ಲದಿದ್ದರೆ ಮುಳ್ಳು ಅಲ್ಲಾಡುತ್ತದೆ, ಆದರೆ ಸುಳ್ಳು ಹೇಳುತ್ತದೆ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳಿಗೆ ಎಂಜಿನ್ ಬದಲಿಸುವಂಥ ದೊಡ್ಡ ರಿಪೇರಿ ಮಾಡಿಸಲು ಸಿಗುವ ಬಿಡುವು ಇದೇ. ಹೊರಗೆ ತೂಗುವ ಟೂ-ಸ್ಟ್ರೋಕ್ ಸೀಮೆಎಣ್ಣೆ ಎಂಜಿನ್ನಿನ ನಾಡದೋಣಿಗೆ ಸೆನ್ಸರ್ ಹೊಂದಿಸುವ ತಲೆನೋವಿಲ್ಲ: ಅಲ್ಲಿ ಆಯಿಲು ಇಂಧನದ ಜೊತೆಗೇ ಉರಿದುಹೋಗುತ್ತದೆ, ಅಳೆಯಲು ಒತ್ತಡವೇ ಇರುವುದಿಲ್ಲ. ಒಳಗೆ ಕೂತ ಡೀಸೆಲ್ ಎಂಜಿನ್ನಿನ ಕಥೆ ಬೇರೆ. ಒತ್ತಡ ಬಿದ್ದ ಕೆಲವೇ ನಿಮಿಷಗಳಲ್ಲಿ ಬೇರಿಂಗ್ ಕಚ್ಚಿಕೊಳ್ಳುತ್ತದೆ. ಎಂಜಿನ್ ಕೋಣೆಯ ಸದ್ದಿನಲ್ಲಿ ಬೋಟು ನಡೆಸುವ ತಾಂಡೇಲನಿಗೆ ಇರುವ ಸುಳಿವು ಗೇಜಿನ ಮುಳ್ಳು ಮತ್ತು ಕೆಂಪು ದೀಪ, ಎರಡೇ.

ಮುಳ್ಳಿಗೂ ದೀಪಕ್ಕೂ ಕೆಲಸ ಮಾಡುವ ಉಪಕರಣಗಳು ಬೇರೆಬೇರೆ. ದೀಪಕ್ಕೆ ಬೇಕಾದದ್ದು ಬರೀ ಸ್ವಿಚ್: ಒತ್ತಡ ಸುಮಾರು ಅರ್ಧ ಬಾರ್‌ಗಿಂತ ಕೆಳಗಿಳಿದರೆ ತಂತಿಯನ್ನು ಅರ್ತ್‌ಗೆ ಸೇರಿಸುತ್ತದೆ. ಗೇಜಿಗೆ ಬೇಕಾದದ್ದು ಸೆಂಡರ್: ಒತ್ತಡ ಬದಲಾದಂತೆ ತನ್ನ ವಿದ್ಯುತ್ ರೋಧವನ್ನು ಬದಲಿಸುವ ಡಬ್ಬಿ. ವಿಡಿಒ ಕಂಪನಿಯ ಕೆಲವು ಸೆಂಡರ್‌ಗಳಲ್ಲಿ ಎರಡೂ ಒಂದರಲ್ಲೇ ಇರುತ್ತವೆ. ‘ಜಿ’ ಗುರುತಿನ ತುದಿ ಗೇಜಿಗೆ, ‘ಡಬ್ಲ್ಯುಕೆ’ ಗುರುತಿನದು ದೀಪಕ್ಕೆ. ಸ್ವಿಚ್‌ನ ತಂತಿಯನ್ನು ಗೇಜಿಗೆ ಕೊಟ್ಟರೆ ಮುಳ್ಳು ಈ ತುದಿಯಿಂದ ಆ ತುದಿಗೆ ಹಾರುತ್ತದೆಯೇ ಹೊರತು ನಡುವೆ ಎಲ್ಲೂ ನಿಲ್ಲುವುದಿಲ್ಲ.

ಆಯ್ಕೆಯಲ್ಲಿ ಹೆಚ್ಚು ಜನ ಎಡವುವುದು ರೋಧದ ಅಳತೆಯಲ್ಲಿ. ಯುರೋಪಿನ ರೂಢಿಯ ಸೆಂಡರ್ ಸೊನ್ನೆ ಒತ್ತಡದಲ್ಲಿ 10 ಓಮ್, ಪೂರ್ತಿ ಒತ್ತಡದಲ್ಲಿ 184 ಓಮ್ ತೋರಿಸುತ್ತದೆ. ಅಮೆರಿಕದ ರೂಢಿ ಇದಕ್ಕೆ ತಿರುಗುಮುರುಗು: ಸೊನ್ನೆಯಲ್ಲಿ 240, ಪೂರ್ತಿಯಲ್ಲಿ 33. ಎರಡೂ ಮಧ್ಯದಲ್ಲಿ ಹೆಚ್ಚುಕಡಿಮೆ 100 ಓಮ್ ಆಸುಪಾಸಿಗೆ ಬರುತ್ತವೆ. ಮೋಸ ಇರುವುದೇ ಇಲ್ಲಿ. ತಪ್ಪು ಜೋಡಿ ಹಾಕಿದ ಬೋಟು ಮಾಮೂಲಿ ವೇಗದಲ್ಲಿ ಓಡುವಾಗ ಮುಳ್ಳು ನಡುಮಧ್ಯದಲ್ಲಿ ನಿಂತು ಎಲ್ಲ ಸರಿಯಿದೆ ಎನ್ನುತ್ತದೆ. ಪಂಪು ಕೈಕೊಟ್ಟು ಒತ್ತಡ ಇಳಿಯತೊಡಗಿದರೆ ಅದೇ ಮುಳ್ಳು ಮೇಲಕ್ಕೆ ಏರುತ್ತದೆ.

ಓಮ್ ಹೊಂದಿದರೆ ಸಾಲದು, ಗರಿಷ್ಠ ಒತ್ತಡವೂ ಹೊಂದಬೇಕು. 10–184 ಓಮ್ ಸೆಂಡರುಗಳಲ್ಲಿ 5 ಬಾರ್‌ನವೂ 10 ಬಾರ್‌ನವೂ ಇವೆ, ಹೊರನೋಟಕ್ಕೆ ಗೊತ್ತಾಗುವುದು ಕಷ್ಟ. 10 ಬಾರ್ ಗೇಜಿಗೆ 5 ಬಾರ್ ಸೆಂಡರ್ ಹಾಕಿದರೆ 1 ಬಾರ್ ಒತ್ತಡ ಸುಮಾರು 2 ಎಂದು ಕಾಣುತ್ತದೆ. ಅದಲುಬದಲಾದರೆ ಅರ್ಧ ಕಾಣುತ್ತದೆ. ಅದರಿಂದ ಗಾಬರಿ ಆಗಬಹುದು, ಎಂಜಿನ್ ಹಾಳಾಗುವುದಿಲ್ಲ. ಕ್ಯಾಬಿನ್ನಿನಲ್ಲೊಂದು, ಮೇಲಿನ ಡೆಕ್ಕಿನಲ್ಲೊಂದು ಗೇಜು ಇರುವ ಬೋಟಿಗೆ ಅರ್ಧ ರೋಧದ ಬೇರೆ ಸೆಂಡರೇ ಬೇಕು.

ಮೂರನೆಯದು ಥ್ರೆಡ್. ಎಂ10×1, 1/8 ಇಂಚಿನ ಎನ್‌ಪಿಟಿ, 1/8 ಬಿಎಸ್‌ಪಿ – ಮೂರರ ವ್ಯಾಸವೂ 10 ಮಿ.ಮೀ. ಆಸುಪಾಸು, ಹಲ್ಲಿನ ಅಂತರವೂ 1 ಮಿ.ಮೀ.ಗೆ ಹತ್ತಿರ. ಒಂದರ ರಂಧ್ರಕ್ಕೆ ಇನ್ನೊಂದು ಎರಡು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಸ್ಪ್ಯಾನರ್‌ನಿಂದ ಬಿಗಿದರೆ ಹಾಳಾಗುವುದು ಎಂಜಿನ್ ಬ್ಲಾಕಿನ ಥ್ರೆಡ್. ಸರಿಯಾದ ಅಡಾಪ್ಟರ್ ಹಾಕುವುದೇ ಅಗ್ಗ. ಸೆಂಡರ್, ಸ್ವಿಚ್ ಎರಡನ್ನೂ ಟೀ ಫಿಟ್ಟಿಂಗಿನಲ್ಲಿ ನೇರ ಬ್ಲಾಕಿಗೆ ನೇತುಹಾಕುವವರಿದ್ದಾರೆ. ಭಾರದ ಸೆಂಡರ್ ಅದುರಿ ಅದುರಿ ಹಿತ್ತಾಳೆಯ ಕುತ್ತಿಗೆ ಮುರಿದರೆ ಆಯಿಲೆಲ್ಲ ಕೆಳಗೆ ಸುರಿಯುತ್ತದೆ. ಅಂಥಲ್ಲಿ ಸೆಂಡರನ್ನು ಗೋಡೆಗೆ ಬಿಗಿದು, ಆಯಿಲ್ ಹೋಸ್‌ನಿಂದ ಜೋಡಿಸುವುದು ಲೇಸು.

ಆದರೆ ಹೀಗೆ ಗೋಡೆಗೆ ಸರಿಸಿದ ಸೆಂಡರಿಗೆ ಅರ್ತ್ ತಂತಿ ಬೇರೆ ಕೊಡಬೇಕು. ಸಾಮಾನ್ಯ ಸೆಂಡರ್ ತನ್ನ ಮೈಯ ಥ್ರೆಡ್ ಮೂಲಕವೇ ಎಂಜಿನ್ನಿಗೆ ಅರ್ತ್ ಆಗುತ್ತದೆ. ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೂ ಆ ದಾರಿ ಕೆಡಬಹುದು. ಉಕ್ಕಿನ ಅಥವಾ ಅಲ್ಯೂಮಿನಿಯಂ ಹಲ್ ಇರುವ ಬೋಟಿನಲ್ಲಿ ಎಂಜಿನ್ನನ್ನೇ ಅರ್ತ್‌ನಿಂದ ಬೇರ್ಪಡಿಸಿದ್ದರೆ, ಎರಡು ತುದಿಯ, ಮೈಗೆ ಕರೆಂಟ್ ತಾಗದ ಸೆಂಡರ್ ಹಾಕಬೇಕು. ಹಾಗೆಯೇ 12 ವೋಲ್ಟಿನ ಗೇಜನ್ನು 24 ವೋಲ್ಟಿನ ಬ್ಯಾಟರಿಗೆ ಜೋಡಿಸುವಂತಿಲ್ಲ.

ಕಂಪ್ಯೂಟರ್ ನಿಯಂತ್ರಣದ ಕಾಮನ್ ರೈಲ್ ಎಂಜಿನ್ ತಂದರೆ ಓಮ್ ಲೆಕ್ಕವೇ ನಿಲ್ಲುತ್ತದೆ. ಅದರ ಮೂರು ತಂತಿಯ ಸೆನ್ಸರ್ ಸಾಮಾನ್ಯವಾಗಿ 5 ವೋಲ್ಟ್ ಪಡೆದು 0.5ರಿಂದ 4.5 ವೋಲ್ಟಿನ ನಡುವೆ ಉತ್ತರ ಕೊಡುತ್ತದೆ. ಆ ಸೆನ್ಸರನ್ನು ಕಿತ್ತು ಹಳೆ ಗೇಜಿನ ಸೆಂಡರ್ ಕೂರಿಸಿದರೆ ಕಂಪ್ಯೂಟರ್ ದೋಷ ಹೇಳುತ್ತದೆ, ಕೆಲವೊಮ್ಮೆ ಎಂಜಿನ್ನಿನ ಶಕ್ತಿಯನ್ನೇ ತಗ್ಗಿಸುತ್ತದೆ. ಅದನ್ನು ಮುಟ್ಟದೆ ಆಯಿಲ್ ದಾರಿಯ ಬೇರೆ ರಂಧ್ರಕ್ಕೆ ಹಳೆ ಗೇಜಿನ ಸೆಂಡರ್ ಹಾಕಬಹುದು; ಇಲ್ಲವಾದರೆ ಎಂಜಿನ್ನಿನ ಜೆ1939 ಡೇಟಾ ಓದುವ ಡಿಜಿಟಲ್ ಗೇಜು ಕೊಳ್ಳಬೇಕು.

ಕೂರಿಸುವ ಮುನ್ನ ಸೆಂಡರಿನ ತುದಿಗೂ ಮೈಗೂ ಮಲ್ಟಿಮೀಟರ್ ಹಿಡಿದರೆ 10 ಓಮೋ 240 ಓಮೋ ತಿಳಿಯುತ್ತದೆ. ಕೂರಿಸಿದ ಮೇಲೆ ತಂತಿ ಕಿತ್ತು ನೋಡಬೇಕು: 10–184ರ ಗೇಜಿನ ಮುಳ್ಳು ಪೂರ್ತಿ ಮೇಲೇರುತ್ತದೆ, 240–33ರದು ಸೊನ್ನೆಗಿಳಿಯುತ್ತದೆ. ಕೀಲಿ ತಿರುಗಿಸಿದಾಗ, ಎಂಜಿನ್ ಸ್ಟಾರ್ಟ್ ಆಗುವ ಮೊದಲೇ, ಕೆಂಪು ದೀಪ ಉರಿಯಬೇಕು. ಕೊನೆಗೆ ಬೂರ್ಡಾನ್ ಕೊಳವೆಯ ಮೆಕ್ಯಾನಿಕಲ್ ಗೇಜೊಂದನ್ನು ತಾತ್ಕಾಲಿಕವಾಗಿ ಜೋಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಧಾನ ವೇಗದಲ್ಲೂ ಓಟದ ವೇಗದಲ್ಲೂ ಎರಡರ ಅಂಕಿಗಳನ್ನು ತಾಳೆ ನೋಡಬೇಕು. ತಣ್ಣಗಿನ ಎಂಜಿನ್ನಿನಲ್ಲಿ ದಪ್ಪ ಆಯಿಲು ಒತ್ತಡವನ್ನು ಏರಿಸಿ ತೋರಿಸುವುದರಿಂದ ಆಗಿನ ಅಂಕಿ ಲೆಕ್ಕಕ್ಕೆ ಬರುವುದಿಲ್ಲ.