ಸೈಕಲ್ ಸವಾರನ ಗಾಳಿಗವಚ

ಸೈಕಲ್ ಸವಾರನಿಗೆ ಗಾಳಿ ಏಕಕಾಲದಲ್ಲಿ ಮಿತ್ರನೂ ಹೌದು, ಶತ್ರುವೂ ಹೌದು. ಏರುದಾರಿಯಲ್ಲಿ ಬೆವರನ್ನು ಆರಿಸಿ ಉಪಕರಿಸುವ ಗಾಳಿಯೇ ಇಳಿಜಾರಿನಲ್ಲಿ ಒದ್ದೆಯಾದ ಮೈಯ ಕಾವನ್ನೆಲ್ಲ ಕಸಿದುಕೊಂಡು ಕೈಬೆರಳುಗಳನ್ನು ಮರಗಟ್ಟಿಸುತ್ತದೆ. ಬೆರಳು ಮರಗಟ್ಟಿದವನು ಬ್ರೇಕನ್ನು ಬಿಗಿಯಾಗಿ ಹಿಡಿಯಲಾರ. ಬ್ರೇಕು ಹಿಡಿಯಲಾರದವನಿಗೆ ಘಟ್ಟದ ಒಂದೊಂದು ತಿರುವೂ ಪ್ರಾಣಸಂಕಟವೇ ಸರಿ. ಈ ಅಪಾಯದ ನಿವಾರಣೆಗಾಗಿ ರೂಪುಗೊಂಡ ಉಡುಪೇ ಗಾಳಿಯನ್ನು ತಡೆಯುವ ಹಗುರವಾದ ಮೇಲಂಗಿ. ಅಂಗಡಿಗಳಲ್ಲಿ ಇದು ವಿಂಡ್‌ಪ್ರೂಫ್ ಜಾಕೆಟ್ ಎಂಬ ಹೆಸರಿನಿಂದ ದೊರೆಯುತ್ತದೆ. ಮಡಿಚಿದರೆ ಮುಷ್ಟಿಯಲ್ಲಿ ಅಡಗುವ ಈ ಅಲ್ಪ ವಸ್ತುವಿನ ಹಿಂದಿರುವ ತತ್ತ್ವವೇನು, ಅದನ್ನು ಆರಿಸಿಕೊಳ್ಳುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಈ ವಿಷಯ ಕನ್ನಡ ನಾಡಿಗೆ ದೂರವಾದುದೆಂದು ಯಾರೂ ಭಾವಿಸಬೇಕಾಗಿಲ್ಲ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಂದ್ಯದ ಪಟುಗಳಿಗೆ ಹೆಸರಾದ ಸೀಮೆಗಳು. ಬೆಂಗಳೂರಿನ ಸವಾರರು ನಸುಕಿನಲ್ಲಿಯೇ ಹೊರಟು 1478 ಮೀಟರ್ ಎತ್ತರದ ನಂದಿಬೆಟ್ಟವನ್ನು ಏರಿ ಇಳಿಯುವುದು ವಾಡಿಕೆಯಾಗಿದೆ. 2008ರಲ್ಲಿ ಆರಂಭವಾದ ನೀಲಗಿರಿ ಸೈಕಲ್ ಯಾತ್ರೆಯು ಕರ್ನಾಟಕದ ಬಯಲಿನಿಂದ ಸವಾರರನ್ನು ಉದಕಮಂಡಲದ ಚಳಿಗೆ ಕರೆದೊಯ್ಯುತ್ತ ಬಂದಿದೆ. ಬಯಲುಸೀಮೆಯ ಬಿಸಿಲಿನಲ್ಲಿ ಪಳಗಿದ ತರುಣನು ಬೆಟ್ಟದ ತಂಪಿಗೆ ಸಿದ್ಧನಾಗಿರುವುದಿಲ್ಲ. ಬಿಸಿಲಿನ ನಾಡಿನವನಿಗೆ ಗಾಳಿಯ ಅಂಗಿ ಏತಕ್ಕೆಂದು ಅದನ್ನು ಮನೆಯಲ್ಲಿಯೇ ಬಿಟ್ಟುಹೋಗುವವರು ಇಂಥ ಸೀಮೆಗಳಲ್ಲಿಯೇ ಹೆಚ್ಚು.

ಮೊದಲು ಗಾಳಿಯ ಕೆಲಸವನ್ನು ತಿಳಿಯತಕ್ಕದ್ದು. ಎಲೆ ಅಲುಗದ ಪ್ರಶಾಂತವಾದ ಮುಂಜಾನೆಯಲ್ಲಿಯೂ, ಗಂಟೆಗೆ 50 ಕಿಲೋಮೀಟರ್ ವೇಗದಿಂದ ಇಳಿಯುವ ಸವಾರನ ಎದೆಗೆ ಅಷ್ಟೇ ವೇಗದ ಗಾಳಿ ಬಡಿಯುತ್ತದೆ. ಎದುರುಗಾಳಿಯು ಗಂಟೆಗೆ 20 ಕಿಲೋಮೀಟರ್ ವೇಗದಿಂದ ಬೀಸುತ್ತಿದ್ದರೆ ಎರಡೂ ಕೂಡಿ 70 ಆಗುತ್ತದೆ. ಮನುಷ್ಯನ ಚರ್ಮಕ್ಕೆ ಹೊಂದಿಕೊಂಡಂತೆ ಬೆಚ್ಚನೆಯ ಗಾಳಿಯ ತೆಳುವಾದ ಪದರವೊಂದು ಸದಾ ಇರುತ್ತದೆ. ಅದೇ ನಿಸರ್ಗವು ಹೊದಿಸಿದ ಹೊದಿಕೆ. ಬಿರುಸಾದ ಗಾಳಿ ಈ ಪದರವನ್ನು ಎಡೆಬಿಡದೆ ಕಿತ್ತೊಯ್ಯುತ್ತದೆ, ದೇಹ ಎಡೆಬಿಡದೆ ಹೊಸ ಪದರವನ್ನು ಕಾಯಿಸಬೇಕಾಗುತ್ತದೆ. ಅಮೆರಿಕ ಮತ್ತು ಕೆನಡಾ ದೇಶಗಳು 2001ರಲ್ಲಿ ಬಳಕೆಗೆ ತಂದ ಗಾಳಿಚಳಿಯ ಸೂತ್ರದಂತೆ, ಹವೆಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇದ್ದು ಗಾಳಿಯ ವೇಗ ಗಂಟೆಗೆ 50 ಕಿಲೋಮೀಟರ್ ಇದ್ದರೆ ಬರಿಯ ಚರ್ಮಕ್ಕೆ ಸುಮಾರು 5 ಡಿಗ್ರಿಯ ಚಳಿಯ ಅನುಭವವಾಗುತ್ತದೆ. 5 ಡಿಗ್ರಿ ಇದ್ದರೆ ಅದು ಸೊನ್ನೆಗಿಂತಲೂ ಕೆಳಗಿಳಿಯುತ್ತದೆ. ಈ ಲೆಕ್ಕವು ಒಣಗಿದ ಚರ್ಮಕ್ಕೆ ಸಂಬಂಧಿಸಿದ್ದು. ಬೆಟ್ಟ ಏರಿ ಬಂದವನ ಮೈಯಾದರೋ ಒದ್ದೆಯಾಗಿರುತ್ತದೆ.

ಇಲ್ಲಿಯೇ ಇರುವುದು ಸೂಕ್ಷ್ಮ. ಪೆಡಲು ತುಳಿಯುವವನ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಮಾತ್ರ ಚಕ್ರವನ್ನು ತಿರುಗಿಸುತ್ತದೆ. ಮಿಕ್ಕುದೆಲ್ಲ ಶಾಖವಾಗಿ ಪರಿಣಮಿಸುತ್ತದೆ. ಆ ಶಾಖವನ್ನು ಹೊರದೂಡಲು ಬೆವರು ಹರಿಯುತ್ತದೆ. ಒಂದು ಗ್ರಾಂ ಬೆವರು ಆರಬೇಕಾದರೆ ಸುಮಾರು 580 ಕ್ಯಾಲೊರಿಗಳಷ್ಟು ಶಾಖವನ್ನು ಮೈಯಿಂದ ಹೀರಿಕೊಳ್ಳುತ್ತದೆ. ಏರಿನಲ್ಲಿ ಇದು ವರ. ಶಿಖರವನ್ನು ದಾಟಿ ಇಳಿಯತೊಡಗಿದೊಡನೆ ಕಾಲಿಗೆ ಕೆಲಸವಿಲ್ಲ, ಶಾಖದ ಉತ್ಪತ್ತಿ ಇಲ್ಲ. ಆದರೆ ಬೆವರು ಮಾತ್ರ ಹಾಗೆಯೇ ಇದೆ, ಗಾಳಿ ಹಲವು ಮಡಿ ಹೆಚ್ಚಿದೆ. ಏರುವಾಗಿನ ವರವೇ ಇಳಿಯುವಾಗ ಶಾಪವಾಗುತ್ತದೆ. ಎದೆ ಹೊಟ್ಟೆಗಳು ತಣ್ಣಗಾಗತೊಡಗಿದರೆ ದೇಹವು ಒಳಗಿನ ಅಂಗಗಳನ್ನು ಕಾಪಾಡಿಕೊಳ್ಳಲು ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಆದುದರಿಂದ ಕೈಗವುಸು ಎಷ್ಟೇ ಒಳ್ಳೆಯದಿರಲಿ, ಎದೆ ಬೆಚ್ಚಗಿರದೆ ಬೆರಳು ಬೆಚ್ಚಗಿರದು.

ಈ ಮಾತಿಗೆ ಸೈಕಲ್ ಪಂದ್ಯಗಳ ಇತಿಹಾಸದಲ್ಲಿಯೇ ಪ್ರಬಲವಾದ ನಿದರ್ಶನವುಂಟು. 1988ನೆಯ ಇಸವಿ ಜೂನ್ 5ರಂದು ಜಿರೊ ದಿತಾಲಿಯಾ ಎಂಬ ಇಟಲಿ ದೇಶದ ಮಹಾಪಂದ್ಯವು 2600 ಮೀಟರಿಗೂ ಮಿಗಿಲಾದ ಎತ್ತರದ ಗಾವಿಯಾ ಕಣಿವೆದಾರಿಯನ್ನು ಹಾಯಬೇಕಾಗಿತ್ತು. ಅಂದು ಕೆಳಗೆ ಮಳೆ, ಮೇಲೆ ಹಿಮಪಾತ. ಹಾಲೆಂಡಿನ ಯೋಹಾನ್ ವಾನ್ ಡರ್ ವೆಲ್ಡೆ ತುಂಡುತೋಳಿನ ಅಂಗಿಯಲ್ಲಿಯೇ ಎಲ್ಲರಿಗಿಂತ ಮೊದಲು ಶಿಖರವನ್ನು ಮುಟ್ಟಿದನು. ಏರುವ ಶ್ರಮದ ಕಾವಿನಲ್ಲಿ ಚಳಿ ಅವನನ್ನು ತಡೆಯಲಿಲ್ಲ. ಆದರೆ ಇಳಿಜಾರಿನಲ್ಲಿ ಅವನ ದೇಹ ಸೋತಿತು. ನಡುವೆಯೇ ನಿಂತು ಆಶ್ರಯ ಪಡೆದು, ಚೇತರಿಸಿಕೊಂಡು ಬೋರ್ಮಿಯೊ ಊರನ್ನು ಸೇರುವಷ್ಟರಲ್ಲಿ ಗೆದ್ದವನಿಗಿಂತ ಮುಕ್ಕಾಲು ಗಂಟೆಗೂ ಹೆಚ್ಚು ಹಿಂದೆ ಬಿದ್ದಿದ್ದನು. ಅಮೆರಿಕದ ಆಂಡಿ ಹ್ಯಾಂಪ್‌ಸ್ಟನ್ನನ ತಂಡದವರು ಹವೆಯ ಸೂಚನೆಯನ್ನರಿತು ಅಂದು ಬೆಳಗ್ಗೆಯೇ ಅಂಗಡಿಗೆ ಹೋಗಿ ಬೆಚ್ಚನೆಯ ಉಡುಪುಗಳನ್ನು ಕೊಂಡು ಸಿದ್ಧಪಡಿಸಿಕೊಂಡಿದ್ದರು. ಅವನು ಆ ದಿನ ಎರಡನೆಯವನಾಗಿ ಗುರಿ ಸೇರಿ, ಮುಂದಾಳಿನ ಗುಲಾಬಿ ಅಂಗಿಯನ್ನು ಧರಿಸಿ, ಕೊನೆಗೆ ಇಡೀ ಪಂದ್ಯವನ್ನೇ ಗೆದ್ದನು. ಇಬ್ಬರಲ್ಲಿಯೂ ಸಾಹಸಕ್ಕೆ ಕೊರತೆಯಿರಲಿಲ್ಲ. ಇಳಿಜಾರಿನ ಚಿಂತನೆಯನ್ನು ಏರುವ ಮುನ್ನವೇ ಮಾಡಿದವರಿಗೆ ಫಲ ದೊರೆಯಿತು.

ಹಗುರ ಮೇಲಂಗಿಗಳು ಬಳಕೆಗೆ ಬರುವ ಮುನ್ನ ಯೂರೋಪಿನ ಸವಾರರು ವೃತ್ತಪತ್ರಿಕೆಯನ್ನೇ ಆಶ್ರಯಿಸಿದ್ದರು. ಶಿಖರದಲ್ಲಿ ನಿಂತ ಪ್ರೇಕ್ಷಕರು ಕೊಟ್ಟ ಹಾಳೆಗಳನ್ನು ಮಡಿಚಿ ಅಂಗಿಯೊಳಗೆ ಎದೆಯ ಮೇಲೆ ಸೇರಿಸಿಕೊಂಡು ಇಳಿಯುತ್ತಿದ್ದರು. ಈ ಸರಳ ಉಪಾಯದಲ್ಲಿ ಒಂದು ದೊಡ್ಡ ಪಾಠವಿದೆ: ಇಳಿಯುವವನಿಗೆ ಬೇಕಾದುದು ದಪ್ಪ ಉಡುಪಲ್ಲ, ಗಾಳಿ ತೂರದ ಉಡುಪು. ಕುರುಬರ ಕಂಬಳಿಯನ್ನು ನೋಡಬಹುದು. ಅದು ತನ್ನ ಉಣ್ಣೆಯ ಎಳೆಗಳ ನಡುವೆ ನಿಶ್ಚಲವಾದ ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿಡುತ್ತದೆ. ಕುಳಿತವನಿಗೂ ಮಲಗಿದವನಿಗೂ ಅದಕ್ಕಿಂತ ಮಿಗಿಲಾದುದಿಲ್ಲ. ಆದರೆ ಅದೇ ಬಗೆಯ ಉಣ್ಣೆಯ ಅಂಗಿಯನ್ನು ತೊಟ್ಟು ವೇಗವಾಗಿ ಇಳಿದರೆ ಎಳೆಗಳ ಸಂದಿನಿಂದ ಗಾಳಿ ತೂರಿ ಒಳಗಿನ ಕಾವನ್ನು ಚದುರಿಸುತ್ತದೆ. ಅದರ ಮೇಲೆ ಕಾಗದದಷ್ಟು ತೆಳುವಾದ, ಗಾಳಿ ನುಗ್ಗದ ಬಟ್ಟೆಯೊಂದು ಬಂದರೆ ಸಾಕು, ಒಳಗಿನ ಉಣ್ಣೆ ತನ್ನ ಕೆಲಸವನ್ನು ಮತ್ತೆ ಮಾಡತೊಡಗುತ್ತದೆ.

ಇಂಥ ಬಟ್ಟೆಯನ್ನು ಬಹುಮಟ್ಟಿಗೆ ನೈಲಾನ್ ಅಥವಾ ಪಾಲಿಯೆಸ್ಟರಿನ ಅತಿ ಸಣ್ಣ ನೂಲಿನಿಂದ ನೇಯುತ್ತಾರೆ. ನೂಲಿನ ನವುರನ್ನು ಡೆನಿಯರ್ ಎಂಬ ಮಾನದಿಂದ ಅಳೆಯುವರು. 9000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್ ಎಂದು ಲೆಕ್ಕ. ಕರ್ನಾಟಕದ ರೇಷ್ಮೆ ವ್ಯಾಪಾರದಲ್ಲಿಯೂ ರೂಢಿಯಲ್ಲಿರುವ ಮಾನವೇ ಇದು. ಹಗುರ ಮೇಲಂಗಿಗಳಲ್ಲಿ 10ರಿಂದ 20 ಡೆನಿಯರಿನ ನೂಲು ಸಾಮಾನ್ಯ. ಒತ್ತಾಗಿ ನೇಯ್ದ ಬಟ್ಟೆಯನ್ನು ಕಾದ ಉರುಳೆಗಳ ನಡುವೆ ಹಾಯಿಸಿ ಒತ್ತಿದರೆ ನೂಲುಗಳು ಚಪ್ಪಟೆಯಾಗಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಎರಡನೆಯ ವಿಧಾನದಲ್ಲಿ ಬಟ್ಟೆಗೆ ಸೂಕ್ಷ್ಮ ರಂಧ್ರಗಳುಳ್ಳ ಪೊರೆಯೊಂದನ್ನು ಅಂಟಿಸುವರು. ಅಮೆರಿಕದ ರಾಬರ್ಟ್ ಗೋರ್ 1969ರಲ್ಲಿ ಟೆಫ್ಲಾನ್ ಜಾತಿಯ ದ್ರವ್ಯವನ್ನು ಕಾಯಿಸಿ ರಭಸದಿಂದ ಎಳೆದಾಗ ಅದು ಹಿಗ್ಗಿ ರಂಧ್ರಮಯವಾಯಿತು. ಆ ಆವಿಷ್ಕಾರದಿಂದ ಬಂದ ಪೊರೆಗಳು ಗಾಳಿಯ ಹೊಡೆತವನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುತ್ತವೆ.

ಹಾಗಾದರೆ ಗಾಳಿಯನ್ನು ಸಂಪೂರ್ಣವಾಗಿ ತಡೆಯುವ ಬಟ್ಟೆಯೇ ಶ್ರೇಷ್ಠವೆಂದು ಹೇಳಬಹುದೆ? ಹಾಗೆ ಹೇಳುವಂತಿಲ್ಲ. ಗಾಳಿಗೆ ಬಾಗಿಲು ಮುಚ್ಚಿದಷ್ಟೂ ಬೆವರಿಗೂ ಬಾಗಿಲು ಮುಚ್ಚುತ್ತದೆ. ಪ್ಲಾಸ್ಟಿಕ್ಕಿನ ಮಳೆಯಂಗಿಯನ್ನು ತೊಟ್ಟು ಏರು ಹತ್ತಿದವನು ಮಳೆಯಿಲ್ಲದೆಯೇ ತೊಯ್ದುಹೋಗುತ್ತಾನೆ. ಆದುದರಿಂದ ಕೊಳ್ಳುವವನು ತನ್ನ ದಾರಿಯನ್ನು ಮೊದಲು ನೆನೆಯಬೇಕು. ಇಳಿಜಾರಿಗೆ ಮಾತ್ರ ತೊಟ್ಟು ಮತ್ತೆ ಕಿಸೆಗೆ ಸೇರಿಸುವವನಿಗೆ ಪೊರೆಯಿಲ್ಲದ ತೆಳು ಬಟ್ಟೆಯೇ ಸಾಕು. ಚಳಿಗಾಲದಲ್ಲಿ ಗಂಟೆಗಟ್ಟಲೆ ತೊಟ್ಟೇ ಇರಬೇಕಾದವನಿಗೆ ಎದೆ ಮತ್ತು ತೋಳಿನ ಮುಂಭಾಗದಲ್ಲಿ ಗಾಳಿತಡೆಯ ಬಟ್ಟೆಯೂ ಬೆನ್ನು ಮತ್ತು ಕಂಕುಳಿನಲ್ಲಿ ಜಾಲರಿಯೂ ಇರುವ ಅಂಗಿ ಹೆಚ್ಚು ಹಿತವಾದುದು. ಗಾಳಿ ಬಡಿಯುವುದು ಮುಂದಿನಿಂದ, ಬೆವರು ಹೊರಡಬೇಕಾದುದು ಹಿಂದಿನಿಂದ. ಸೌಮ್ಯವಾದ ಚಳಿಯ ಊರುಗಳಲ್ಲಿ ತೋಳಿಲ್ಲದ ಜಾಕೀಟು ಒಂದೇ ಎದೆಯನ್ನು ಕಾಯಬಲ್ಲುದು. ಎತ್ತರದ ಘಟ್ಟಗಳಿಗೆ ಮಾತ್ರ ತೋಳುಳ್ಳದ್ದೇ ಬೇಕು.

ಗಾಳಿತಡೆ ಎಂದರೆ ಜಲತಡೆಯಲ್ಲ ಎಂಬುದನ್ನೂ ಮರೆಯಬಾರದು. ಇಂಥ ಬಟ್ಟೆಗಳಿಗೆ ನೀರು ಜಾರುವ ಲೇಪವಿರುವುದರಿಂದ ತುಂತುರು ಹನಿ ಉರುಳಿಹೋಗುತ್ತದೆ; ಸುರಿಮಳೆ ಹೊಲಿಗೆಯ ಮೂಲಕ ಒಳನುಗ್ಗುತ್ತದೆ. ಮಲೆನಾಡಿನ ಆಷಾಢದ ಮಳೆಗೆ ಹೊರಡುವವನು ಹೊಲಿಗೆಗಳಿಗೆ ಪಟ್ಟಿ ಅಂಟಿಸಿದ ಮಳೆಯಂಗಿಯನ್ನೇ ಬೇರೆಯಾಗಿ ಕೊಳ್ಳಬೇಕು.

ಇನ್ನು ಅಳತೆಯ ವಿಚಾರ. ಅಂಗಡಿಯಲ್ಲಿ ನೆಟ್ಟಗೆ ನಿಂತು ಕನ್ನಡಿ ನೋಡಿ ಆರಿಸಿದ ಅಂಗಿ ರಸ್ತೆಯಲ್ಲಿ ಮೋಸ ಮಾಡುತ್ತದೆ. ಸವಾರನು ಮುಂದೆ ಬಾಗಿ ಕೈ ಚಾಚಿದಾಗ ತೋಳು ಮಣಿಕಟ್ಟಿನಿಂದ ಮೇಲೆ ಸರಿಯುತ್ತದೆ, ಬೆನ್ನಿನ ಕೆಳಭಾಗ ಬಯಲಾಗುತ್ತದೆ. ಆದುದರಿಂದ ಬಾಗಿ, ಕೈಗಳನ್ನು ಮುಂದೆ ಚಾಚಿ ಪರೀಕ್ಷಿಸಬೇಕು. ಹಿಂಬದಿ ಮುಂಬದಿಗಿಂತ ಉದ್ದವಾಗಿರಬೇಕು. ಮಣಿಕಟ್ಟಿನಲ್ಲಿಯೂ ಅಂಚಿನಲ್ಲಿಯೂ ಎಲಾಸ್ಟಿಕ್ ಇರಬೇಕು. ಕೊರಳಪಟ್ಟಿ ಕತ್ತನ್ನು ಮುಚ್ಚಬೇಕು. ಅಂಗಿ ಸಡಿಲವಾಗಿ ಪಟಪಟನೆ ಬಡಿದುಕೊಳ್ಳುತ್ತಿದ್ದರೆ ಗಾಳಿ ಹಾಯಿಗೆ ತುಂಬಿದಂತೆ ತುಂಬಿ ಹಿಂದಕ್ಕೆಳೆಯುತ್ತದೆ. ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ ಅನುಸಾರವಾಗಿ ಏರುವುದರಿಂದ ವೇಗ ಇಮ್ಮಡಿಯಾದರೆ ಅದು ನಾಲ್ಮಡಿಯಾಗುತ್ತದೆ. ಜಿಪ್ಪಿನ ಹಿಡಿ ಕೈಗವುಸು ತೊಟ್ಟ ಬೆರಳಿಗೂ ಸಿಗುವಷ್ಟು ದೊಡ್ಡದಿರಬೇಕು. ಜಿಪ್ಪಿನ ಹಿಂದೆ ಬಟ್ಟೆಯ ಪಟ್ಟಿಯಿದ್ದರೆ ಅದರ ಹಲ್ಲುಗಳ ಸಂದಿನಿಂದ ಗಾಳಿ ತೂರುವುದಿಲ್ಲ. ಬಟ್ಟೆಯನ್ನು ತುಟಿಗೆ ಒತ್ತಿ ಹಿಡಿದು ಬಲವಾಗಿ ಊದಿದರೆ ಉಸಿರು ಎಷ್ಟು ಆಚೆ ಹೋಗುವುದೆಂಬುದು ಹಿಂಬದಿಗಿಟ್ಟ ಅಂಗೈಗೆ ತಿಳಿಯುತ್ತದೆ. ಈ ಪರೀಕ್ಷೆಗೆ ಯಂತ್ರವೂ ಬೇಡ, ಹಣವೂ ಬೇಡ.

ತೂಕವು ಪ್ರತಿಷ್ಠೆಯ ವಿಷಯವಲ್ಲ, ಉಪಯೋಗದ ವಿಷಯ. ಸುಮಾರು 100 ಗ್ರಾಂ ತೂಗಿ ಜರ್ಸಿಯ ಬೆನ್ನಕಿಸೆಯಲ್ಲಿ ಅಡಗುವ ಅಂಗಿಯನ್ನು ಸವಾರನು ಪ್ರತಿದಿನವೂ ಒಯ್ಯುತ್ತಾನೆ. ಕಿಸೆಯಲ್ಲಿ ಹಿಡಿಸದ ಉತ್ತಮವಾದ ಅಂಗಿ ಮನೆಯ ಗೂಟದಲ್ಲಿ ನೇತಾಡುತ್ತದೆ. ಹಾಗೆಂದು ಅತಿ ತೆಳುವಾದುದನ್ನು ಅರಸಬೇಕಾಗಿಲ್ಲ. ಒಮ್ಮೆ ಬಿದ್ದರೆ, ಮುಳ್ಳಿಗೆ ಸಿಕ್ಕರೆ ಅದು ಹರಿದುಹೋಗುತ್ತದೆ. ಬಣ್ಣ ಮಾತ್ರ ಎದ್ದುಕಾಣುವಂತಿರಲಿ. ನಸುಕಿನ ಮಂಜಿನಲ್ಲಿ ಲಾರಿಯ ಚಾಲಕನಿಗೆ ಕಾಣಿಸುವುದು ಹಳದಿ, ಕಿತ್ತಳೆ ಬಣ್ಣಗಳು ಮತ್ತು ಬೆಳಕನ್ನು ಹಿಂದಿರುಗಿಸುವ ಪಟ್ಟಿಗಳು. ಕಪ್ಪು ಅಂಗಿ ರಸ್ತೆಯೊಳಗೆ ಲೀನವಾಗುತ್ತದೆ.

ಒಳ್ಳೆಯ ಅಂಗಿಯೂ ಹೊತ್ತು ಮೀರಿ ತೊಟ್ಟರೆ ವ್ಯರ್ಥ. ಶಿಖರವನ್ನು ಮುಟ್ಟಿದೊಡನೆ, ಮೈ ಇನ್ನೂ ಬಿಸಿಯಾಗಿರುವಾಗಲೇ, ಸೈಕಲ್ಲನ್ನು ನಿಲ್ಲಿಸಿ ತೊಡಬೇಕು. ನಡುಕ ಹುಟ್ಟಿದ ಮೇಲೆ ತೊಟ್ಟರೆ ತಣ್ಣಗಾದ ಮೈಯನ್ನೇ ಮುಚ್ಚಿದಂತಾಗುತ್ತದೆ. ಅಂಗಿ ಕಾವನ್ನು ಕಾಯಬಲ್ಲುದೇ ಹೊರತು ಹುಟ್ಟಿಸಲಾರದು. ಓಡುವ ಸೈಕಲ್ಲಿನ ಮೇಲೆ ಎರಡೂ ಕೈ ಬಿಟ್ಟು ತೊಡುವುದು ಪಂದ್ಯಪಟುಗಳ ಚಮತ್ಕಾರ. ಅನುಕರಿಸುವ ಹುಡುಗರ ತೋಳಬಟ್ಟೆ ಚಕ್ರಕ್ಕೆ ಸಿಕ್ಕುವ ಭಯವಿದೆ. ಮತ್ತೆ ಏರು ಬಂದಾಗ ಜಿಪ್ಪು ಬಿಚ್ಚಬೇಕು, ಇಲ್ಲವೇ ಅಂಗಿಯನ್ನು ಕಳಚಬೇಕು. ಒಗೆಯುವಾಗ ತಣ್ಣೀರು, ಸೌಮ್ಯವಾದ ಸಾಬೂನು ಸಾಕು. ಬಟ್ಟೆಯನ್ನು ಮೃದುಗೊಳಿಸುವ ದ್ರವವು ನೀರುಜಾರುವ ಲೇಪವನ್ನು ಕೆಡಿಸುತ್ತದೆ. ಹಿಂಡದೆ ನೆರಳಿನಲ್ಲಿ ಒಣಗಿಸುವುದು ಕ್ಷೇಮ.

ಕೊನೆಯದಾಗಿ ವೆಚ್ಚದ ಮಾತು. ಹೆಸರಾಂತ ಕಂಪನಿಗಳ ಅಂಗಿಗಳ ಬೆಲೆ ಸಾಮಾನ್ಯ ಮನೆತನದ ಮಕ್ಕಳಿಗೆ ಎಟುಕುವಂತಹುದಲ್ಲ. ಆದರೆ ಇಲ್ಲಿ ಹೇಳಿದ ಲಕ್ಷಣಗಳು, ಅಂದರೆ ಒತ್ತಾದ ನೇಯ್ಗೆ, ಸರಿಯಾದ ಅಳತೆ, ಕಿಸೆಗೆ ಹಿಡಿಸುವ ಗಾತ್ರ, ಎದ್ದುಕಾಣುವ ಬಣ್ಣ, ಸಾಧಾರಣ ಬೆಲೆಯ ಅಂಗಿಯಲ್ಲಿಯೂ ದೊರೆಯುತ್ತವೆ. ಅದೂ ದೊರೆಯದ ದಿನ ನಿನ್ನೆಯ ವೃತ್ತಪತ್ರಿಕೆಯ ನಾಲ್ಕು ಹಾಳೆಗಳು ಎದೆಯನ್ನು ಕಾಯಬಲ್ಲವು. ಶಾಲೆಗಳು ಬಾಲಕ ಬಾಲಕಿಯರನ್ನು ಪಂದ್ಯಕ್ಕೆ ಸಿದ್ಧಪಡಿಸುವಾಗ ಹೊಸ ಸೈಕಲ್ಲಿಗೂ ಹೊಳೆಯುವ ಜರ್ಸಿಗೂ ದಾನಿಗಳು ದೊರೆಯುತ್ತಾರೆ. ಬೆನ್ನಕಿಸೆಯಲ್ಲಿ ಮಡಿಚಿಟ್ಟ, ಯಾರ ಕಣ್ಣಿಗೂ ಬೀಳದ ಈ ಮೇಲಂಗಿಯ ನೆನಪು ಯಾರಿಗೂ ಆಗುವುದಿಲ್ಲ. ಮಕ್ಕಳನ್ನು ಬೆಟ್ಟ ಹತ್ತಿಸುವ ಉಪಾಧ್ಯಾಯರು ಅವರು ಇಳಿದು ಬರುವ ದಾರಿಯನ್ನೂ ನೆನೆದು, ಹೊರಡುವ ಮುನ್ನ ಪ್ರತಿಯೊಬ್ಬರ ಕಿಸೆಯನ್ನು ಒಮ್ಮೆ ಮುಟ್ಟಿ ನೋಡುವುದು ಒಳಿತು.