ಕರಡಿ ಪೆಟ್ಟಿಗೆ ಯಾರಿಗೆ?

ಮಕ್ಕಳೇ, ಕರಡಿಯ ಮೂಗು ಬಲು ಚುರುಕು. ಡಬ್ಬಿಯಲ್ಲಿ ಮುಚ್ಚಿಟ್ಟ ಉಂಡೆಯ ವಾಸನೆಯೂ ಅದಕ್ಕೆ ದೂರದಿಂದಲೇ ಸಿಕ್ಕಿಬಿಡುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಇಂಥ ನೂರಾರು ಕರಡಿಗಳಿವೆ. ಹೆಸರು ‘ಕಪ್ಪು ಕರಡಿ’ ಎಂದಾದರೂ ಹೆಚ್ಚಿನವು ಕಂದು ಬಣ್ಣದವು! ಅಲ್ಲಿ ಡೇರೆ ಹಾಕುವವರು ತಿಂಡಿ ಮಾತ್ರವಲ್ಲ, ಸೋಪು, ಟೂತ್‌ಪೇಸ್ಟ್ ಕೂಡ ಡೇರೆಯಲ್ಲಿ ಇಡುವಂತಿಲ್ಲ. ಅದಕ್ಕೆಂದೇ ಪಕ್ಕದಲ್ಲಿ ಲೋಹದ ಗಟ್ಟಿ ಪೆಟ್ಟಿಗೆ ಇರುತ್ತದೆ. ಅದರ ಹೆಸರು ‘ಬೇರ್ ಬಾಕ್ಸ್’.

ನಮ್ಮ ಮನೆಯಾಕೆಯನ್ನು ದಾರಿ ತಪ್ಪಿಸಿದ್ದು ಈ ಹೆಸರೇ.

ಮಗನ ಮನೆಗೆ ಹೋಗಿದ್ದಾಗ ನಾವೆಲ್ಲ ಅಲ್ಲಿ ಒಂದು ರಾತ್ರಿ ತಂಗಿದ್ದೆವು. “ಅಜ್ಜಿ, ತಿಂಡಿ ಬೇರ್ ಬಾಕ್ಸಿಗೆ ಹಾಕು” ಎಂದು ಹೇಳಿ ಮೊಮ್ಮಗಳು ನನ್ನೊಡನೆ ನೀರು ತರಲು ಬಂದಳು. ಹಿಂತಿರುಗಿ ನೋಡಿದರೆ ಪೆಟ್ಟಿಗೆಯ ಬಾಗಿಲು ಹಾರುಹೊಡೆದಿದೆ. ಒಳಗೆ ಕಾಗದದ ತಟ್ಟೆಯಲ್ಲಿ ಎರಡು ಚಕ್ಕುಲಿ, ಒಂದು ಶೇಂಗಾ ಉಂಡೆ, ಒಂದು ಬಾಳೆಹಣ್ಣು. ಉಳಿದ ತಿಂಡಿಯ ಚೀಲ ಡೇರೆಯೊಳಗೆ, ದಿಂಬಿನ ಪಕ್ಕ!

“ಬಾಗಿಲು ಯಾಕಜ್ಜಿ ತೆಗೆದಿಟ್ಟೆ?”

“ಚಿಲಕ ಹಾಕಿದರೆ ಪಾಪ, ಕರಡಿ ಹೇಗೆ ತಿನ್ನಬೇಕು?”

ಹಸುವಿಗೆ ಗೋಗ್ರಾಸ ಇದ್ದಂತೆ ಈ ದೇಶದಲ್ಲಿ ಕರಡಿಗೊಂದು ಪಾಲು ಎಂದುಕೊಂಡಿದ್ದಳು. ಅದಕ್ಕೆ ಕಾರಣವೂ ಇತ್ತು. ಹಂಪಿಯ ಹತ್ತಿರ, 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲಿ ಅರಣ್ಯ ಸಿಬ್ಬಂದಿ ಬಂಡೆಗೆ ಸಿಹಿ ಸವರುವುದನ್ನೂ ಕರಡಿಗಳು ಇಳಿದು ಬಂದು ನೆಕ್ಕುವುದನ್ನೂ ಅವಳು ಕಣ್ಣಾರೆ ಕಂಡಿದ್ದಳು.

ಮೊಮ್ಮಗಳು ಅಜ್ಜಿಯನ್ನು ಕೂರಿಸಿಕೊಂಡು ಹೇಳಿದಳು: “ನಮ್ಮ ತಿಂಡಿಯ ರುಚಿ ಹತ್ತಿದ ಕರಡಿಗೆ ಜನರ ಭಯ ಹೋಗುತ್ತೆ. ಡೇರೆ ಹರಿಯುತ್ತೆ, ಕಾರಿನ ಬಾಗಿಲು ಕೀಳುತ್ತೆ. ಕೊನೆಗೆ ಅಪಾಯ ಅಂತ ಅದನ್ನೇ ಕೊಲ್ಲಬೇಕಾಗುತ್ತೆ ಅಜ್ಜಿ.”

ಜೀವನವಿಡೀ ಕಾಗೆ, ನಾಯಿ, ಹಸುಗಳಿಗೆ ಹಾಕಿಯೇ ಉಂಡವಳು ಗಪ್ಪಾದಳು. ಎದ್ದು ತಿಂಡಿಯನ್ನೆಲ್ಲ ಪೆಟ್ಟಿಗೆಗೆ ಸೇರಿಸಿದಳು. ಸೆರಗಿನ ಗಂಟಿನಲ್ಲಿದ್ದ ಏಲಕ್ಕಿಯನ್ನೂ ಬಿಚ್ಚಿ ಹಾಕಿದಳು. ಚಿಲಕ ಹಾಕಿ ಮೂರು ಸಲ ಎಳೆದು ನೋಡಿದಳು. ಬ್ಯಾಂಕಿನಲ್ಲಿ ಲಾಕರಿಗೆ ಒಡವೆ ಇಟ್ಟವರೂ ಅಷ್ಟು ಜೋಪಾನ ಮಾಡಿದ್ದನ್ನು ನಾನು ಕಾಣೆ.

ಆ ಚಿಲಕದ ಬೆಲೆ ದೊಡ್ಡದು. 1998ರ ಒಂದೇ ವರ್ಷದಲ್ಲಿ ಯೊಸೆಮಿಟಿಯಲ್ಲಿ ಕರಡಿಗಳು ಕಾರು ಮುರಿದ, ತಿಂಡಿ ದೋಚಿದಂಥ ಪ್ರಕರಣಗಳು 1,500ಕ್ಕೂ ಹೆಚ್ಚು. ಪೆಟ್ಟಿಗೆಗಳು ಹೆಚ್ಚಿ, ಜನರೂ ನಿಯಮ ಪಾಲಿಸಿದ ಮೇಲೆ ಅವು ಬಹಳ ಇಳಿದವು. ದರೋಜಿಯಲ್ಲೂ ನಾವು ದೂರದ ಗೋಪುರದಿಂದ ನೋಡುತ್ತೇವೆ ಅಷ್ಟೆ; ನಮ್ಮ ಚೀಲದಿಂದ ಕರಡಿಗೆ ಏನೂ ಹೋಗುವುದಿಲ್ಲ.

ಬೆಟ್ಟಕ್ಕೆ, ದೇವಸ್ಥಾನಕ್ಕೆ ಹೋದಾಗ ಕೋತಿಗೆ ಬಿಸ್ಕತ್ತು ಚಾಚುವ ಮಕ್ಕಳೇ, ಅಜ್ಜಿಯರೇ, ಅಲ್ಲೂ ಲೆಕ್ಕ ಇದೇ. ಪ್ರೀತಿ ಇದ್ದರೆ ಚೀಲದ ಬಾಯಿ ಕಟ್ಟಿ.