ಬಾರ್ಲಿ ಕಾಳಿನಲ್ಲಿ ಸಾರಜನಕದ ಲೆಕ್ಕ

ಹಾಲಿನ ಪುಡಿ, ಬಿಸ್ಕತ್ತು, ಗೋಧಿ ಹಿಟ್ಟಿನ ಪೊಟ್ಟಣಗಳ ಮೇಲೆ ಪ್ರೋಟೀನ್ ಎಷ್ಟು ಗ್ರಾಂ ಇದೆ ಎಂದು ಅಚ್ಚಾಗಿರುತ್ತದೆ. ಈ ಲೆಕ್ಕದ ಮೂಲ ಹುಡುಕುತ್ತ ಹೋದರೆ ಡೆನ್ಮಾರ್ಕಿನ ಬಿಯರ್ ಕಾರ್ಖಾನೆಯೊಂದಕ್ಕೆ ಬಂದು ನಿಲ್ಲುತ್ತೇವೆ.

ಬಿಯರ್ ತಯಾರಿಸಲು ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಕಾಳಿನಲ್ಲಿ ಪ್ರೋಟೀನ್ ಹೆಚ್ಚಿದಷ್ಟೂ ಪಿಷ್ಟದ ಪಾಲು ಕಡಿಮೆ. ಬಿಯರ್ ಮಬ್ಬಾಗುವ ಸಂಭವವೂ ಉಂಟು. ಪ್ರೋಟೀನ್ ತೀರ ಕಡಿಮೆಯಾದರೆ ಯೀಸ್ಟ್‌ಗೆ ಆಹಾರ ಸಾಲದು, ನೊರೆಯೂ ನಿಲ್ಲದು. ಆದರೆ ಕಾಳನ್ನು ಕಣ್ಣಿನಿಂದ ನೋಡಿ ಇದನ್ನು ತಿಳಿಯುವುದು ಹೇಗೆ?

ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಕಾರ್ಖಾನೆಯ ಒಡೆಯ ಜೆ.ಸಿ. ಯಾಕೋಬ್ಸನ್ 1875ರಲ್ಲಿ ಪ್ರಯೋಗಾಲಯವೊಂದನ್ನು ಸ್ಥಾಪಿಸಿದ. ಅಲ್ಲಿನ ಮಹತ್ವದ ಸಂಶೋಧನೆಗಳನ್ನು ಗುಟ್ಟಾಗಿಡಬಾರದೆಂಬುದು ಅವನ ಕಟ್ಟಳೆ. ರಸಾಯನ ವಿಭಾಗದ ಮುಖ್ಯಸ್ಥ ಯೋಹಾನ್ ಕೆಲ್ಡಾಲ್ 1883ರಲ್ಲಿ ಪ್ರಕಟಿಸಿದ ವಿಧಾನ ಹಾಗಾಗಿ ಲೋಕದ ಸೊತ್ತಾಯಿತು.

ವಿಧಾನ ಸರಳ. ತೂಗಿದ ಹಿಟ್ಟನ್ನು ಉದ್ದ ಕತ್ತಿನ ಗಾಜಿನ ಬುರುಡೆಯಲ್ಲಿ ಪ್ರಬಲ ಗಂಧಕಾಮ್ಲದೊಡನೆ ಕುದಿಸಬೇಕು. ಪ್ರೋಟೀನ್ ಒಡೆದು, ಅದರ ಸಾರಜನಕ ಅಮೋನಿಯಂ ಲವಣವಾಗುತ್ತದೆ. ಕ್ಷಾರ ಬೆರೆಸಿ ಕಾಯಿಸಿದರೆ ಅಮೋನಿಯಾ ಆವಿಯಾಗಿ ಹೊರಬರುತ್ತದೆ. ಅದನ್ನು ಆಮ್ಲದಲ್ಲಿ ಹಿಡಿದು, ಎಷ್ಟು ಆಮ್ಲ ಖರ್ಚಾಯಿತೆಂದು ಅಳೆದರೆ ಸಾರಜನಕದ ಪ್ರಮಾಣ ಸಿಗುತ್ತದೆ.

ಪ್ರೋಟೀನಿನಲ್ಲಿ ಸಾರಜನಕ ಸುಮಾರು ಶೇ 16ರಷ್ಟಿರುವುದರಿಂದ, ಸಿಕ್ಕ ಅಂಕಿಯನ್ನು 6.25ರಿಂದ ಗುಣಿಸುವುದು ರೂಢಿ. ಬಾರ್ಲಿಯಲ್ಲಿ ಶೇ 1.6 ಸಾರಜನಕ ಸಿಕ್ಕರೆ ಪ್ರೋಟೀನ್ ಶೇ 10. ಎಲ್ಲ ಪ್ರೋಟೀನೂ ಒಂದೇ ಬಗೆಯದಲ್ಲವಾದ್ದರಿಂದ ಹಾಲಿಗೆ 6.38, ಗೋಧಿಗೆ 5.7 ಎಂಬ ಬೇರೆ ಗುಣಕಗಳಿವೆ.

ಇಲ್ಲೇ ಒಂದು ಬಿರುಕೂ ಇದೆ. ಈ ಪರೀಕ್ಷೆ ಎಣಿಸುವುದು ಸಾರಜನಕವನ್ನು, ಪ್ರೋಟೀನನ್ನಲ್ಲ. ಆ ಸಾರಜನಕ ಎಲ್ಲಿಂದ ಬಂತೆಂದು ಅದು ಕೇಳುವುದಿಲ್ಲ. ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಮೆಲಮೈನ್‌ನಲ್ಲಿ ತೂಕದ ಮೂರನೆಯ ಎರಡು ಪಾಲು ಸಾರಜನಕವೇ. ಚೀನಾದಲ್ಲಿ ಕೆಲವರು ನೀರು ಬೆರೆಸಿದ ಹಾಲಿಗೆ ಇದನ್ನು ಸೇರಿಸಿ ಪರೀಕ್ಷೆಯನ್ನು ವಂಚಿಸಿದರು. 2008ರಲ್ಲಿ ಈ ವಂಚನೆ ಬಯಲಾಗುವ ಹೊತ್ತಿಗೆ ಸುಮಾರು 3 ಲಕ್ಷ ಮಕ್ಕಳು ಅಸ್ವಸ್ಥರಾಗಿದ್ದರು. ಮೂತ್ರಪಿಂಡದಲ್ಲಿ ಹರಳು ಕಟ್ಟಿ ಹಸುಳೆಗಳು ಸತ್ತವು.

ಇಂದು ಮೆಲಮೈನ್ ಪತ್ತೆಗೆ ಪ್ರತ್ಯೇಕ ಪರೀಕ್ಷೆಗಳಿವೆ. ಕೆಲ್ಡಾಲ್ ವಿಧಾನವೂ ಬಳಕೆಯಲ್ಲಿದೆ. ಅಳತೆ ಸುಳ್ಳು ಹೇಳಲಿಲ್ಲ. ಅದು ಹೇಳದೆ ಉಳಿಸಿದ್ದನ್ನು ಮೋಸಗಾರರು ಬಳಸಿಕೊಂಡರು.